ಎತ್ತಿಗೆ ಜ್ವರ, ಟರ್ಬೋಗೆ ಬರೆ

ಪುಣೆ ಬಳಿಯ ಭೋಸರಿಯಲ್ಲಿರುವ ನನ್ನ ಗ್ಯಾರೇಜಿನ ಹಲಗೆಯ ಮೇಲೆ ಉಪ್ಪಿನಕಾಯಿಯ ಹಳೆಯ ಗಾಜಿನ ಬಾಟಲಿಯೊಂದಿದೆ. ಅದರ ತಳದಲ್ಲಿ ಎರಡು ಬೆರಳಷ್ಟು ಕಪ್ಪು ಪುಡಿ. ನಮ್ಮ ಕಡೆಯಿಂದ ಬಂದವರು ಅದನ್ನು ಗುರೆಳ್ಳು ಚಟ್ನಿ ಎಂದುಕೊಂಡದ್ದುಂಟು. ಇಂಡಿ ತಾಲ್ಲೂಕಿನಿಂದ ಕೆಲಸ ಕಲಿಯಲು ಬಂದ ಹುಡುಗನಂತೂ ಮೊದಲ ದಿನವೇ ಮುಚ್ಚಳ ತೆಗೆದು ಮೂಸಿ, ಮುಖ ಕಿವಿಚಿಕೊಂಡು ವಾಪಸ್ ಇಟ್ಟ. ಅದು ರಬ್ಬರು. ಒಂದು ಎಂಜಿನ್ನಿನ ಟೈಮಿಂಗ್ ಬೆಲ್ಟು, ಎಂದರೆ ವಾಲ್ವುಗಳು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚುವಂತೆ ನೋಡಿಕೊಳ್ಳುವ ಬೆಲ್ಟು, ಆಯಿಲಿನಲ್ಲಿ ನೆನೆದು, ಉಬ್ಬಿ, ಉದುರಿ, ಎಂಜಿನ್ನಿನ ಕೆಳಗೆ ಆಯಿಲ್ ನಿಲ್ಲುವ ಚೇಂಬರಿನ ತಳ ಸೇರಿದ್ದು. ಅದನ್ನು ಕಂಡುಹಿಡಿಯುವಷ್ಟರಲ್ಲಿ ಒಂದು ಟರ್ಬೋ, ನಾಲ್ಕು ತಿಂಗಳು ಮತ್ತು ಒಬ್ಬ ಒಳ್ಳೆಯ ಗಿರಾಕಿಯ ನಂಬಿಕೆ ಖರ್ಚಾಗಿದ್ದವು. ನಂಬಿಕೆ ಮಾತ್ರ ಆಮೇಲೆ ಕಂತಿನಲ್ಲಿ ಮರಳಿ ಬಂತು.

ನಾನು ಗೋಕಾಕ ಕಡೆಯವನು. ಡಿಪ್ಲೊಮಾ ಮುಗಿಸಿಕೊಂಡು 2001ರಲ್ಲಿ ಪುಣೆಗೆ ಬಂದೆ. ಪಿಂಪ್ರಿ, ಚಾಕಣ, ರಾಂಜಣಗಾಂವ ಎಂದು ಎತ್ತ ಹೋದರೂ ಕಾರು ಕಾರ್ಖಾನೆ ಎದುರಾಗುವ ಊರಿದು. ವಾಹನಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಎಆರ್‌ಎಐ ಸಂಸ್ಥೆಯೂ ಇಲ್ಲಿನ ಗುಡ್ಡದ ಮೇಲೆಯೇ ಇದೆ. ಟರ್ಬೋ ನನಗೆ ಹೊಸದಾಗಿರಲಿಲ್ಲ. ಫಿಯೆಟ್ ವಿನ್ಯಾಸದ 1.3 ಲೀಟರಿನ ಡೀಸೆಲ್ ಎಂಜಿನ್ ಒಂದು ಕಾಲಕ್ಕೆ ಫಿಯೆಟ್, ಟಾಟಾ, ಮಾರುತಿ ಮೂರೂ ಕಂಪನಿಗಳ ಕಾರುಗಳಲ್ಲಿತ್ತು. ಅದರ ಟರ್ಬೋವನ್ನು ಎಷ್ಟು ಸಲ ಬಿಚ್ಚಿದ್ದೇನೋ ಲೆಕ್ಕವಿಲ್ಲ. ಆ ಅನುಭವವೇ ನನಗೆ ಮುಳುವಾಯಿತು. ಡೀಸೆಲ್ ಗೊತ್ತಿದ್ದವನಿಗೆ ಪೆಟ್ರೋಲ್ ಟರ್ಬೋ ಏನು ಮಹಾ ಎಂಬ ಧಿಮಾಕು ನನ್ನದು.

ಪೆಟ್ರೋಲ್ ಟರ್ಬೋಗಳು ನಮ್ಮ ರಸ್ತೆಗೆ ಇಷ್ಟೊಂದು ಬಂದದ್ದರಲ್ಲಿ ತೆರಿಗೆಯ ಪಾಲು ದೊಡ್ಡದು. 2006ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳ ಮೇಲಿನ ಕೇಂದ್ರ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿದರು. ಸಣ್ಣ ಕಾರು ಎಂದರೆ ಉದ್ದ 4 ಮೀಟರ್ ಮೀರಬಾರದು. ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ ಎಂಜಿನ್ 1500 ಸಿಸಿ ಮೀರಬಾರದು. ಜಿಎಸ್‌ಟಿ ಬಂದ ಮೇಲೂ ಈ ಅಳತೆಯೇ ಉಳಿಯಿತು. ಜನರಿಗೆ ಎತ್ತರದ ಕಾರು ಬೇಕು, ಐದು ಜನ ಕುಳಿತು ಘಾಟು ಹತ್ತಬೇಕು, ತೆರಿಗೆ ಮಾತ್ರ ಸಣ್ಣ ಕಾರಿನದಿರಬೇಕು. ಎಂಜಿನ್ ದೊಡ್ಡದು ಮಾಡುವಂತಿಲ್ಲ ಎಂದಾಗ ಇದ್ದ ಎಂಜಿನ್ನಿನ ಗಂಟಲಿಗೆ ಗಾಳಿ ತುರುಕುವುದೊಂದೇ ದಾರಿ. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆಯೇ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರ ಗಾಳಿಯನ್ನು ಒತ್ತಿ ಒಳಗೆ ಕಳಿಸುತ್ತದೆ. ಇಷ್ಟೇ ಟರ್ಬೋ. ಬೆರಳಿಗಿಂತ ಸಣ್ಣದಾದ ಆ ದಂಡ ನಿಮಿಷಕ್ಕೆ 2 ಲಕ್ಷ ಸುತ್ತಿನವರೆಗೂ ತಿರುಗುತ್ತದೆ. ಹೆಚ್ಚಿನ ಟರ್ಬೋಗಳಲ್ಲಿ ಅದಕ್ಕೆ ಬಾಲ್ ಬೇರಿಂಗ್ ಇರುವುದಿಲ್ಲ. ಕೂದಲಿಗಿಂತ ತೆಳುವಾದ ಆಯಿಲ್ ಪದರದ ಮೇಲೆ ತೇಲುತ್ತಿರುತ್ತದೆ.

ಚಿಂಚವಡದಲ್ಲಿ ಹೋಟೆಲು ನಡೆಸುವ ಕುಂದಾಪುರದ ಶೆಟ್ಟರು ಇಂಥದ್ದೊಂದು ಕಾರನ್ನು ಇಟ್ಟುಕೊಂಡಿದ್ದರು. ಮೂರು ಸಿಲಿಂಡರು, ಸಿಲಿಂಡರಿನ ಒಳಕ್ಕೇ ನೇರವಾಗಿ ಪೆಟ್ರೋಲ್ ಚಿಮ್ಮುವ ಇಂಜೆಕ್ಟರ್, ಟರ್ಬೋ. ಕಂಪನಿಯ ಹೆಸರು ಬೇಡ. ಈ ಬಗೆಯ ವಿನ್ಯಾಸ ಒಬ್ಬರದೇ ಅಲ್ಲ. 2022ರ ಜೂನ್‌ನಲ್ಲಿ ಬಂದು, “ಪಿಕಪ್ ಇಲ್ಲ ಮಾರಾಯರೇ, ಸೀಟಿ ಹೊಡೆದ ಹಾಗೆ ಶಬ್ದ, ಹಿಂದೆ ನೀಲಿ ಹೊಗೆ” ಎಂದರು. ಮೀಟರಿನಲ್ಲಿ 62,000 ಕಿಲೋಮೀಟರು. ಗಾಳಿ ಪೈಪು ಕಳಚಿ ಟರ್ಬೋದ ಚಕ್ರವನ್ನು ಎರಡು ಬೆರಳಿನಲ್ಲಿ ಹಿಡಿದು ಹಿಂದೆ ಮುಂದೆ ಎಳೆದೆ. ಹಿಂದೆ ಮುಂದೆ ಕೈಗೆ ತಿಳಿಯುವಷ್ಟು ಅಲುಗಬಾರದ ದಂಡ ಟಕ್ ಟಕ್ ಎಂದಿತು. ಚಕ್ರದ ಅಂಚು ಗೋಡೆಗೆ ಉಜ್ಜಿ ಹೊಳೆಯುತ್ತಿತ್ತು. ರೋಗ ಸಿಕ್ಕಿತು ಎಂದುಕೊಂಡೆ. ಟರ್ಬೋ ಹೋಗಿದೆ, ಹೊಸದು ಹಾಕಬೇಕು, ಕೂಲಿ ಸೇರಿ 58,000 ರೂಪಾಯಿ. ಶೆಟ್ಟರು ಒಂದು ಮಾತೂ ಆಡದೆ ಒಪ್ಪಿದರು. ಗಾಡಿ ಕೊಟ್ಟ ದಿನ ನನಗೂ ಹುಡುಗರಿಗೂ ನೀರುದೋಸೆ ತಿನ್ನಿಸಿದರು.

ಟರ್ಬೋ ಯಾಕೆ ಹೋಯಿತು ಎಂದು ನಾನು ಕೇಳಿಕೊಳ್ಳಲಿಲ್ಲ. ಹಳೆಯದಾದರೆ ಹೋಗುತ್ತದೆ ಎಂಬ ಉತ್ತರ ತಲೆಯಲ್ಲಿ ಮೊದಲೇ ಸಿದ್ಧವಿತ್ತು.

ಅಕ್ಟೋಬರಿನಲ್ಲಿ ಅವರು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಊರಿಗೆ ಹೊರಟರು. ಖಂಬಾಟಕಿ ಘಾಟಿನ ಏರಿನಲ್ಲಿ ಲಾರಿಗಳ ಹಿಂದೆ ನಿಂತಾಗ ಆಯಿಲ್ ದೀಪ ಮಿನುಗಿತು. ಶೆಟ್ಟರು ಆ ಕ್ಷಣವೇ ಎಂಜಿನ್ ಆರಿಸಿ ಬದಿಗೆ ನಿಂತು ನನಗೆ ಫೋನು ಮಾಡಿದರು. ಅಷ್ಟು ಮಾಡಿದ್ದಕ್ಕೇ ಆ ಎಂಜಿನ್ ಇವತ್ತಿಗೂ ಓಡುತ್ತಿದೆ. ಬಹಳ ಜನ ಆ ಕೆಂಪು ದೀಪವನ್ನು ನೋಡಿಯೂ “ಮುಂದಿನ ಪಂಪಿನಲ್ಲಿ ಆಯಿಲ್ ಹಾಕಿಸೋಣ” ಎಂದು ಹತ್ತು ಕಿಲೋಮೀಟರು ಓಡಿಸುತ್ತಾರೆ. ಅಲ್ಲಿಗೆ ಕ್ರ್ಯಾಂಕಿನ, ಎಂದರೆ ಪಿಸ್ಟನ್ನುಗಳು ತಿರುಗಿಸುವ ದೊಡ್ಡ ದಂಡದ, ಕಥೆ ಮುಗಿದಿರುತ್ತದೆ.

ಟೋಯಿಂಗ್ ಗಾಡಿಯ ಮೇಲೆ ಕಾರು ಬಂದಾಗ ಅದೇ ಸೀಟಿ, ಅದೇ ನೀಲಿ ಹೊಗೆ. ಬಿಡಿಭಾಗದ ಅಂಗಡಿಯವನಿಗೆ ಫೋನು ಮಾಡಿ ನಕಲಿ ಟರ್ಬೋ ಕೊಟ್ಟೆ ಎಂದು ಬೈದೆ. ಅವನ ತಪ್ಪೇನೂ ಇರಲಿಲ್ಲ. ಆಮೇಲೆ ಹೋಗಿ ಕ್ಷಮೆ ಕೇಳಿದೆ. ರಾತ್ರಿ ಊಟಕ್ಕೆ ಕುಳಿತಾಗ ಹೊಳೆಯಿತು: ಆ ದೀಪ ಹತ್ತುವುದು ಇಡೀ ಎಂಜಿನ್ನಿನ ಆಯಿಲ್ ಒತ್ತಡ ಬಿದ್ದಾಗ. ಟರ್ಬೋ ಕೆಟ್ಟರೆ ಅದು ಹತ್ತಬೇಕಾದ ಕಾರಣವೇ ಇಲ್ಲ. ಹಾಗಾದರೆ ಯಾವುದರಿಂದ ಯಾವುದು ಕೆಟ್ಟಿತು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನಾನು ಎಳೆದ ಬರೆಗೆ 58,000 ರೂಪಾಯಿ ಬಿದ್ದಿತ್ತು, ಅಷ್ಟೇ ವ್ಯತ್ಯಾಸ.

ಮರುದಿನ ಒತ್ತಡದ ಸ್ವಿಚ್ ಬಿಚ್ಚಿ ಅದೇ ಜಾಗಕ್ಕೆ ಮುಳ್ಳಿನ ಗೇಜು ಕೂರಿಸಿದೆ. ತಣ್ಣಗಿದ್ದಾಗ ಎಲ್ಲವೂ ಸರಿ ಎನಿಸಿತು. ಅರ್ಧ ಗಂಟೆ ಓಡಿಸಿ ಆಯಿಲ್ ಪೂರ್ತಿ ಬಿಸಿಯಾದ ಮೇಲೆ ಐಡಲ್‌ನಲ್ಲಿ ಮುಳ್ಳು 0.4 ಬಾರ್‌ಗೆ ಇಳಿಯಿತು. ಎಕ್ಸಿಲರೇಟರ್ ಒತ್ತಿ 2,500 ಸುತ್ತಿಗೆ ತಂದರೂ 1 ಬಾರ್ ದಾಟಲಿಲ್ಲ. ಪ್ರತಿ ಸಾವಿರ ಸುತ್ತಿಗೆ 10 ಪಿಎಸ್‌ಐ, ಎಂದರೆ ಸುಮಾರು 0.7 ಬಾರ್ ಇರಬೇಕು ಎಂಬುದು ಹಳೆಯ ಮೆಕ್ಯಾನಿಕ್‌ಗಳ ಲೆಕ್ಕ. ಪ್ರತಿ ಎಂಜಿನ್ನಿಗೂ ಕಂಪನಿ ಕೊಟ್ಟ ಅಂಕಿಯೇ ಕೊನೆಯ ಮಾತು, ಆದರೆ ಈ ಲೆಕ್ಕ ಇಟ್ಟುಕೊಂಡರೆ ಮೋಸ ಹೋಗುವುದು ಕಡಿಮೆ. ಇಲ್ಲಿ ಅದಕ್ಕಿಂತ ಬಹಳ ಕಡಿಮೆಯಿತ್ತು.

ಚೇಂಬರ್ ಬಿಚ್ಚಿದೆವು. ಪಂಪು ಆಯಿಲನ್ನು ಹೀರಿಕೊಳ್ಳುವ ಬಾಯಿಗೆ ಒಂದು ಜಾಲರಿ ಇರುತ್ತದೆ. ಬ್ಯಾಟರಿ ಹಿಡಿದು ನಿಂತಿದ್ದ ಹುಡುಗ ಕೇಳಿದ: “ಕಾಕಾ, ಇದು ಜಾಲರಿಯೋ ಹೆಂಚೋ?” ಒಂದು ರಂಧ್ರವೂ ಕಾಣುತ್ತಿರಲಿಲ್ಲ. ಕಪ್ಪು ಪುಡಿ, ದಾರದ ಎಳೆ, ಜಿಡ್ಡು ಎಲ್ಲ ಸೇರಿ ಹೊತ್ತಿದ ರೊಟ್ಟಿಯ ಹಾಗೆ ಅಂಟಿಕೊಂಡಿತ್ತು. ಒಂದು ಚೂರನ್ನು ಉಗುರಿನಲ್ಲಿ ಒತ್ತಿದೆ. ಇಂಗಾಲವಾಗಿದ್ದರೆ ಪುಡಿಯಾಗಬೇಕಿತ್ತು. ಇದು ಬಗ್ಗಿ ಮತ್ತೆ ನೆಟ್ಟಗಾಯಿತು.

ಆಗ ಮುಂದಿನ ಕವರ್ ತೆಗೆದೆವು. ಈ ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟು ಇರುವುದು ಆಯಿಲಿನ ಒಳಗೆ. ಮೊದಲೆಲ್ಲ ಕಾರುಗಳಲ್ಲಿ ಹೆಚ್ಚಾಗಿ ಇದ್ದದ್ದು ಎರಡು ಬಗೆ: ಹೊರಗೆ ಒಣಗಿದ ರಬ್ಬರ್ ಬೆಲ್ಟು, ಇಲ್ಲವೇ ಒಳಗೆ ಆಯಿಲಿನಲ್ಲಿ ಓಡುವ ಉಕ್ಕಿನ ಚೈನು. ಎರಡನ್ನೂ ಕೂಡಿಸಿದರೆ ಘರ್ಷಣೆ ಕಡಿಮೆ, ಶಬ್ದ ಕಡಿಮೆ, ಎಂಜಿನ್ ಗಿಡ್ಡವಾಗುತ್ತದೆ, ಮೈಲೇಜು ಒಂದು ಕೂದಲಿನಷ್ಟು ಏರುತ್ತದೆ. ಕಾಗದದ ಮೇಲೆ ಚೆಂದವಾದ ಲೆಕ್ಕ. ಆಯಿಲನ್ನು ತಡೆದುಕೊಳ್ಳುವ ರಬ್ಬರನ್ನೇ ಅದಕ್ಕೆಂದು ತಯಾರಿಸುತ್ತಾರೆ, ಅದೂ ನಿಜ. ಆದರೆ ಆಯಿಲಿನ ಜೊತೆ ಪೆಟ್ರೋಲೂ ಬಂದರೆ? ಶೆಟ್ಟರ ಬೆಲ್ಟಿನ ಅಗಲವನ್ನು ವರ್ನಿಯರ್‌ನಿಂದ ಅಳೆದೆ. ಹೊಸ ಬೆಲ್ಟಿಗಿಂತ ಹೆಚ್ಚಿತ್ತು. ಸವೆದು ಕಡಿಮೆಯಾಗಬೇಕಾದ ವಸ್ತು ಉಬ್ಬಿತ್ತು. ಬೆನ್ನ ಮೇಲೆ ಅಡ್ಡ ಬಿರುಕು, ಅಂಚಿನಲ್ಲಿ ದಾರ ಬಿಚ್ಚಿಕೊಂಡಿತ್ತು. ಹಲ್ಲುಗಳು ಮಾತ್ರ ಪುಣ್ಯಕ್ಕೆ ಎಲ್ಲವೂ ಇದ್ದವು.

ಪೆಟ್ರೋಲ್ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಹೋಟೆಲಿನಲ್ಲಿ ಸಿಕ್ಕಿತು. ಕಾಫಿ ಕುಡಿಯುತ್ತಾ ಶೆಟ್ಟರ ದಿನಚರಿ ಕೇಳಿದೆ. ಬೆಳಿಗ್ಗೆ ಐದೂವರೆಗೆ ಪಿಂಪ್ರಿಯ ಮಂಡಿಗೆ ತರಕಾರಿಗೆ ಹೋಗುವುದು, ವಾಪಸ್ ಹೋಟೆಲು. ಹತ್ತಕ್ಕೆ ಬ್ಯಾಂಕು. ಮಧ್ಯಾಹ್ನ ಮನೆ. ಸಂಜೆ ಮತ್ತೆ ಹೋಟೆಲು. ಯಾವ ಓಡಾಟವೂ 3 ಕಿಲೋಮೀಟರ್ ಮೀರುವುದಿಲ್ಲ. ಎಂಜಿನ್ ತಣ್ಣಗಿದ್ದಾಗ ಕಂಪ್ಯೂಟರು ಪೆಟ್ರೋಲನ್ನು ಹೆಚ್ಚು ಸುರಿಯುತ್ತದೆ. ನೇರ ಇಂಜೆಕ್ಟರ್ ಇರುವಲ್ಲಿ ಆ ಹನಿಗಳು ಸಿಲಿಂಡರಿನ ತಣ್ಣನೆಯ ಗೋಡೆಗೆ ಬಡಿದು, ಉರಿಯದೆ, ಪಿಸ್ಟನ್ನಿನ ಸುತ್ತಲಿನ ರಿಂಗುಗಳ ಸಂದಿನಿಂದ ಕೆಳಗಿಳಿದು ಆಯಿಲನ್ನು ಸೇರುತ್ತವೆ. ಅರ್ಧ ಗಂಟೆ ಬಿಡದೆ ಓಡಿದರೆ ಆಯಿಲ್ ಕಾದು ಪೆಟ್ರೋಲ್ ಆವಿಯಾಗಿ ಹೋಗುತ್ತದೆ. ಶೆಟ್ಟರ ಗಾಡಿಗೆ ಆ ಅರ್ಧ ಗಂಟೆ ವರ್ಷಕ್ಕೆ ಎರಡು ಸಲ, ಊರಿಗೆ ಹೋಗುವಾಗ ಬರುವಾಗ ಮಾತ್ರ ಸಿಗುತ್ತಿತ್ತು. ಎಂಐಡಿಸಿ ಎಂಬ ಸರ್ಕಾರಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳ ಯಂತ್ರಗಳಿಗೆ ಆಯಿಲ್ ಪರೀಕ್ಷೆ ಮಾಡಿಕೊಡುವ ಲ್ಯಾಬಿಗೆ ನೂರು ಮಿಲಿಲೀಟರ್ ಕಳಿಸಿದೆ. ಪೆಟ್ರೋಲಿನ ಪಾಲು ಶೇ 6 ಎಂದು ಬರೆದುಕೊಟ್ಟರು.

“ಹಾಗಾದರೆ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಕಡಿಮೆಯೇ ಆಗುತ್ತಿರಲಿಲ್ಲ ನೋಡಿ. ಒಳ್ಳೆಯ ಎಂಜಿನ್, ಆಯಿಲ್ ಕುಡಿಯುವುದಿಲ್ಲ ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ” ಎಂದರು ಶೆಟ್ಟರು. ಕುಡಿಯುತ್ತಿತ್ತು. ಕುಡಿದಷ್ಟು ಜಾಗವನ್ನು ಪೆಟ್ರೋಲ್ ತುಂಬಿಕೊಡುತ್ತಿತ್ತು.

ಈಗ ಸರಪಳಿ ಕೂಡಿತು. ಪೆಟ್ರೋಲ್ ಬೆರೆತ ಆಯಿಲ್ ಬೆಲ್ಟನ್ನು ಉಬ್ಬಿಸಿತು. ಬೆಲ್ಟು ಉದುರಿ ಜಾಲರಿ ಕಟ್ಟಿತು. ತೆಳುವಾದ ಆಯಿಲ್, ಕಟ್ಟಿದ ಜಾಲರಿ, ಎರಡೂ ಸೇರಿ ಒತ್ತಡ ಬಿತ್ತು. ಎಂಜಿನ್ನಿನಲ್ಲಿ ಎಲ್ಲರಿಗಿಂತ ವೇಗವಾಗಿ ತಿರುಗುವವನು, ಎಲ್ಲರಿಗಿಂತ ಬಿಸಿಯಲ್ಲಿ ಕುಳಿತವನು ಟರ್ಬೋ. ಆಯಿಲ್ ಕೊರತೆ ಮೊದಲು ತಟ್ಟುವುದು ಅವನಿಗೇ. ಅವನು ಸತ್ತ ಮೇಲೆ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗುಗಳ ಸರದಿ. ನಾನು ಹೆಣವನ್ನು ಬದಲಾಯಿಸಿ, ವಿಷ ಕುಡಿಸಿದವನನ್ನು ಅಲ್ಲೇ ಬಿಟ್ಟಿದ್ದೆ.

ಒಂದು ರಾಡಿನ ಕ್ಯಾಪ್ ಬಿಚ್ಚಿ ಬೇರಿಂಗ್ ನೋಡಿದೆ. ಗೀರುಗಳಿದ್ದವು, ಆದರೆ ಮೇಲ್ಪದರ ಹರಿದಿರಲಿಲ್ಲ. ಕ್ರ್ಯಾಂಕ್ ಉಗುರಿಗೆ ನುಣುಪಾಗಿಯೇ ಇತ್ತು. ಎಂಜಿನ್ ಬಿಚ್ಚಿ ಕಟ್ಟುವ ಹಾಫ್ ಎಂಜಿನ್ ಕೆಲಸ ತಪ್ಪಿತು. ಕೆಳಗಿನಿಂದಲೇ ಮೂರೂ ರಾಡುಗಳಿಗೆ ಹೊಸ ಬೇರಿಂಗ್ ಹಾಕಿದೆ. ಆ ಬೋಲ್ಟುಗಳನ್ನು ಮರುಬಳಸುವ ಹಾಗಿಲ್ಲ. ಒಂದು ಸಲ ಬಿಗಿದಾಗ ಹಿಗ್ಗಿ ಕೂರುವಂತೆ ಮಾಡಿದವು ಅವು. ಬೆಲ್ಟು ಬದಲಿಸುವುದೇ ನಿಜವಾದ ತಲೆನೋವು. ಇಂಥ ಎಂಜಿನ್ನಿನ ಕ್ರ್ಯಾಂಕ್ ಪುಲ್ಲಿಗೆ ಕೀಲಿ ಇರುವುದಿಲ್ಲ, ಬರೀ ಬೋಲ್ಟಿನ ಬಿಗಿತದಿಂದ ನಿಂತಿರುತ್ತದೆ. ಬೋಲ್ಟು ಸಡಿಲಿಸಿದ ಕ್ಷಣವೇ ಟೈಮಿಂಗ್ ಕಳೆದುಹೋಗುತ್ತದೆ. ವಾಲ್ವುಗಳನ್ನು ತೆರೆಯುವ ಕ್ಯಾಮ್ ಮತ್ತು ಕ್ರ್ಯಾಂಕನ್ನು ಅಲ್ಲಾಡದಂತೆ ಹಿಡಿಯುವ ಸಾಧನಗಳ ಸೆಟ್ಟು ತರಿಸಿದೆ. ಅದರಲ್ಲಿದ್ದ ಒಂದು ಪಿನ್ನು ಸರಿಯಾಗಿ ಕೂರಲಿಲ್ಲ. ಪಕ್ಕದ ಲೇಥಿನ ಕಲಬುರ್ಗಿಯವರು ಚಹಾ ಕುಡಿಯುವಷ್ಟರಲ್ಲಿ ಬೇರೆ ಪಿನ್ನು ತಿರುವಿಕೊಟ್ಟರು. ಆಯಿಲ್ ಪಂಪಿಗೆ ಬೇರೊಂದು ಸಣ್ಣ ಬೆಲ್ಟು ಇತ್ತು, ಅದೂ ಆಯಿಲಿನಲ್ಲೇ. ಅದನ್ನೂ ಬದಲಿಸಿದೆ. ಇನ್ನೊಂದು ಹೊಸ ಟರ್ಬೋ ಕೂರಿಸಿದೆ.

ಒಳಗಿನ ಕೊಳೆ ತೊಳೆಯಲು ಮಾರುಕಟ್ಟೆಯಲ್ಲಿ ಸಿಗುವ ಫ್ಲಶ್ ದ್ರವ ಹಾಕೋಣವೇ ಎಂದು ಹುಡುಗ ಕೇಳಿದ. ಹಾಕಬಾರದು. ಅದು ದ್ರಾವಕ, ಹೊಸ ಬೆಲ್ಟಿಗೆ ಮೊದಲ ದಿನವೇ ವಿಷ ಉಣಿಸಿದಂತೆ. ಚೇಂಬರ್, ಜಾಲರಿ, ಆಯಿಲ್ ದಾರಿಗಳನ್ನು ಕೈಯಿಂದ ತೊಳೆದು, ಕಂಪನಿ ಹೇಳಿದ ಗುರುತಿನ ಆಯಿಲನ್ನೇ ಹಾಕಿ, 500 ಕಿಲೋಮೀಟರಿಗೆ ಅದನ್ನೂ ಚೆಲ್ಲಿ ಮತ್ತೆ ಹೊಸದು ತುಂಬಿದೆ.

ಬಿಲ್ಲಿನ ವಿಷಯಕ್ಕೆ ಬಂದರೆ, ಎರಡನೆಯ ಟರ್ಬೋದ ಹಣ ನನ್ನದು. ಕೂಲಿ ತೆಗೆದುಕೊಳ್ಳಲಿಲ್ಲ. ಬೆಲ್ಟು, ಬೇರಿಂಗು, ಆಯಿಲಿನ ಖರ್ಚು ಶೆಟ್ಟರು ಕೊಟ್ಟರು. ಆ ತಿಂಗಳು ಮನೆಯಲ್ಲಿ ಕೇಳಬೇಕಾದಷ್ಟು ಕೇಳಿಸಿಕೊಂಡೆ.

ಅಲ್ಲಿಂದ ಈಚೆಗೆ ಸೀಟಿ ಹೊಡೆಯುವ ಗಾಡಿ ಬಂದರೆ ಟರ್ಬೋವನ್ನು ಕೊನೆಗೆ ಮುಟ್ಟುತ್ತೇನೆ. ಮೊದಲು ಡಿಪ್‌ಸ್ಟಿಕ್ ಎಳೆದು ಮೂಸುತ್ತೇನೆ. ಗುರುತಿಗಿಂತ ಮೇಲೆ ಆಯಿಲ್ ಇದ್ದರೆ ಅದು ಸಂತೋಷದ ಸಂಗತಿಯಲ್ಲ. ಆಮೇಲೆ ಹಳೆಯ ಫಿಲ್ಟರನ್ನು ಕೊಯ್ದು ಒಳಗಿನ ಕಾಗದವನ್ನು ಬಿಸಿಲಿನಲ್ಲಿ ಹರಡಿ ನೋಡುತ್ತೇನೆ. ಮೊದಲ ಸಲ ಹ್ಯಾಕ್ಸಾದಿಂದ ಕೊಯ್ದು, ಒಳಗೆ ಹೊಳೆಯುವ ಲೋಹದ ಪುಡಿ ಕಂಡು ಗಾಬರಿಯಾಗಿದ್ದೆ. ಅದು ನನ್ನದೇ ಗರಗಸದಿಂದ ಉದುರಿದ್ದು. ಈಗ ಡಬ್ಬಿ ಕತ್ತರಿಸುವ ಹಾಗೆ ಸುತ್ತಲೂ ಉರುಳಿಸಿ ಕೊಯ್ಯುವ ಕಟರ್ ಇದೆ. ಅಯಸ್ಕಾಂತಕ್ಕೆ ಅಂಟಿದರೆ ಉಕ್ಕು. ಅಂಟದೆ ಹೊಳೆದರೆ ಬೇರಿಂಗು ಸವೆಯುತ್ತಿದೆ ಎಂಬ ಅನುಮಾನ. ಬಗ್ಗುವ ಕಪ್ಪು ಚೂರಾದರೆ ಬಾಟಲಿಯ ಕಡೆ ನೋಡುತ್ತೇನೆ. ನಂತರ ಬಿಸಿ ಆಯಿಲಿನ ಒತ್ತಡ. ಇಷ್ಟಾದ ಮೇಲೆ ಟರ್ಬೋಗೆ ಆಯಿಲ್ ಕೊಡುವ ಸಣ್ಣ ಪೈಪು. ಕೆಲವು ಎಂಜಿನ್‌ಗಳಲ್ಲಿ ಅದರ ಟೊಳ್ಳು ಬೋಲ್ಟಿನೊಳಗೆ ಉಗುರಿನಷ್ಟು ಜಾಲರಿಯೊಂದು ಅಡಗಿ ಕುಳಿತಿರುತ್ತದೆ. ಟರ್ಬೋ ಬದಲಿಸಿ ಇದನ್ನು ಬದಲಿಸದೇ ಇರುವವರು ಎರಡನೆಯ ಟರ್ಬೋಗೂ ಹಣ ಎತ್ತಿಡಬೇಕು. ಆ ಪೈಪಿನ ಜೋಡಣೆಗೆ ಸಿಲಿಕಾನ್ ಪೇಸ್ಟ್ ಮೆತ್ತುವ ಚಾಳಿಯೂ ಕೆಟ್ಟದ್ದು. ಹಿಂಡಿಕೊಂಡ ಪೇಸ್ಟು ಒಳಗೇ ಹೋಗಿ ದಾರಿ ಮುಚ್ಚುತ್ತದೆ. ಹೊಸ ಟರ್ಬೋದ ಬಾಯಿಗೆ ಆಯಿಲ್ ಹೊಯ್ದು ಕೈಯಿಂದ ತಿರುಗಿಸಿ, ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು, ಗೇಜಿನಲ್ಲಿ ಒತ್ತಡ ಕಾಣುವವರೆಗೆ ಬರಿದೇ ಸೆಲ್ಫ್ ಹೊಡೆಯುತ್ತೇನೆ. ಆಮೇಲೇ ಸ್ಟಾರ್ಟು. ಒಣಗಿದ ದಂಡಕ್ಕೆ ಮೊದಲ ಹತ್ತು ಸೆಕೆಂಡುಗಳೇ ಗಂಡಾಂತರ.

ಆ ಆಯಿಲ್ ಪೈಪು ಕಟ್ಟಿಕೊಳ್ಳಲು ಇನ್ನೊಂದು ಕಾರಣ ಲೋಣಾವಳದ ಚಿಕ್ಕಿ. ತಮಾಷೆಯಲ್ಲ. ಮುಂಬೈಯಿಂದ ಬರುವವರು ಖಂಡಾಲಾ ಘಾಟನ್ನು ಐದು ಜನ ತುಂಬಿಕೊಂಡು ಒಂದೇ ಉಸಿರಿನಲ್ಲಿ ಹತ್ತಿ, ಚಿಕ್ಕಿಯ ಅಂಗಡಿಯ ಮುಂದೆ ಬ್ರೇಕು ಹಾಕಿ ತಟ್ಟನೆ ಎಂಜಿನ್ ಆರಿಸುತ್ತಾರೆ. ಟರ್ಬೋ ಆಗ ಕೆಂಡದಂತಿರುತ್ತದೆ. ಹರಿಯುವುದನ್ನು ನಿಲ್ಲಿಸಿದ ಆಯಿಲ್ ಅಲ್ಲೇ ಕುದಿದು ಇಂಗಾಲವಾಗಿ ಅಂಟುತ್ತದೆ. ಈಗಿನ ಬಹಳ ಕಾರುಗಳಲ್ಲಿ ಟರ್ಬೋಗೆ ನೀರಿನ ತಂಪೂ ಇದೆ, ಎಂಜಿನ್ ಆರಿದ ಮೇಲೂ ಓಡುವ ವಿದ್ಯುತ್ ಪಂಪು ಕೆಲವದರಲ್ಲಿದೆ. ಆದರೂ ಘಾಟು ಹತ್ತಿದ ಮೇಲೆ ಒಂದೆರಡು ನಿಮಿಷ ನಿಧಾನವಾಗಿ ಓಡಿಸಿ ನಿಲ್ಲಿಸಿ ಎಂದೇ ನಾನು ಹೇಳುವುದು.

ನೇರ ಇಂಜೆಕ್ಟರ್‌ನ ಇನ್ನೊಂದು ಕೊಡುಗೆ ವಾಲ್ವಿನ ಮೇಲಿನ ಮಸಿ. ಹಳೆಯ ಎಂಜಿನ್‌ಗಳಲ್ಲಿ ಪೆಟ್ರೋಲು ಒಳವಾಲ್ವಿನ ಬೆನ್ನ ಮೇಲೆ ಬಿದ್ದು ಅದನ್ನು ತೊಳೆಯುತ್ತಲೇ ಇರುತ್ತಿತ್ತು. ಈಗ ಪೆಟ್ರೋಲ್ ವಾಲ್ವನ್ನು ಮುಟ್ಟುವುದೇ ಇಲ್ಲ. ಎಂಜಿನ್ನಿನ ಒಳಗಿಂದ ಬರುವ ಆಯಿಲ್ ಆವಿ ಮಾತ್ರ ಮುಟ್ಟುತ್ತದೆ, ಸುಟ್ಟು ಕೂರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಿಸ್ಸಿಂಗ್, ಬಿಸಿಯಾದ ಮೇಲೆ ಸರಿ ಎನ್ನುವ ಗಾಡಿಗಳಲ್ಲಿ ನಾನು ಕ್ಯಾಮೆರಾ ಇಳಿಸಿ ನೋಡುವುದು ಇದನ್ನೇ. ಗಟ್ಟಿ ಮಸಿಗೆ ಸ್ಪ್ರೇಗಳೆಲ್ಲ ಬರೀ ಸಮಾಧಾನ. ಅಕ್ರೋಟಿನ ಸಿಪ್ಪೆಯ ಪುಡಿಯನ್ನು ಗಾಳಿಯ ಒತ್ತಡದಿಂದ ಚಿಮ್ಮಬೇಕು: ಮಸಿ ಏಳುತ್ತದೆ, ವಾಲ್ವಿಗೆ ಗಾಯವಾಗುವುದಿಲ್ಲ. ಅಕ್ರೋಟು ಸಿಪ್ಪೆಯ ಮೂಟೆ ಹೊತ್ತು ತಂದ ದಿನ ಹುಡುಗ ನನ್ನನ್ನು ವಿಚಿತ್ರವಾಗಿ ನೋಡಿದ್ದ. ಒಂದೇ ಎಚ್ಚರಿಕೆ: ಯಾವ ಸಿಲಿಂಡರಿನಲ್ಲಿ ಕೆಲಸವೋ ಅದರ ಒಳವಾಲ್ವುಗಳು ಪೂರ್ತಿ ಮುಚ್ಚಿರಬೇಕು. ಇದಕ್ಕೆ ವಿನ್ಯಾಸದಲ್ಲೇ ಪರಿಹಾರವಿಲ್ಲವೇ ಎಂದರೆ ಇದೆ. ಟೊಯೋಟಾ 2005ರಿಂದಲೇ ಕೆಲವು ಎಂಜಿನ್‌ಗಳಲ್ಲಿ ಸಿಲಿಂಡರಿನ ಒಳಗೂ ವಾಲ್ವಿನ ಹೊರಗೂ ಇಂಜೆಕ್ಟರ್ ಇಡುತ್ತಿದೆ. ಖರ್ಚು ಹೆಚ್ಚು, ಅಗ್ಗದ ಕಾರಿಗೆ ಬರುವುದಿಲ್ಲ.

ಕಾತ್ರಜ್ ಘಾಟಿನ ಕಡೆಯಿಂದ ಬಂದ ಒಂದು ಗಾಡಿಯ ಕಥೆ ಬೇರೆ. ಎರಡನೆಯ ಸಿಲಿಂಡರಿನಲ್ಲಿ ಕಂಪ್ರೆಷನ್ ಇಲ್ಲ. ಹೆಡ್ ಎತ್ತಿ ಪಿಸ್ಟನ್ ತೆಗೆದರೆ ಎರಡು ರಿಂಗುಗಳ ನಡುವಿನ ಅಂಚು ಒಡೆದಿತ್ತು. ಓಡಿಸುವವರು ಸ್ಕೂಲ್ ಮಾಸ್ತರರು, ವೇಗದ ಮನುಷ್ಯರೇ ಅಲ್ಲ. ಅದೇ ತೊಂದರೆಯಾಗಿತ್ತು. ಮೈಲೇಜಿನ ಆಸೆಗೆ ಏರಿನಲ್ಲೂ ಐದನೆಯ ಗೇರು, 1,500 ಸುತ್ತು, ಕಾಲು ಪೂರ್ತಿ ಎಕ್ಸಿಲರೇಟರ್ ಮೇಲೆ. ಹಳೆಯ ಎಂಜಿನ್ ಆಗಿದ್ದರೆ ನಡುಗಿ, ನರಳಿ ಗೇರು ಇಳಿಸಿ ಎಂದು ಬೇಡುತ್ತಿತ್ತು. ಟರ್ಬೋ ಎಂಜಿನ್ ಸದ್ದಿಲ್ಲದೆ ಎಳೆಯುತ್ತದೆ. ಆ ಸ್ಥಿತಿಯಲ್ಲಿ ಆಯಿಲ್ ಬೆರೆತ ಒಂದು ಹನಿಯೋ ಮಸಿಯ ಕಣವೋ ಪ್ಲಗ್ ಕಿಡಿ ಹಾರಿಸುವ ಮೊದಲೇ ಹೊತ್ತಿಕೊಂಡರೆ, ಮೇಲೇರುತ್ತಿರುವ ಪಿಸ್ಟನ್ನಿನ ತಲೆಗೆ ಸುತ್ತಿಗೆಯ ಏಟು. ಆಯಿಲಿನಲ್ಲಿರುವ ಕ್ಯಾಲ್ಸಿಯಂ ಹೆಚ್ಚಿದ್ದರೆ ಈ ಕಾಟ ಹೆಚ್ಚು ಎಂದು ಕಂಡುಕೊಂಡು, ಅದರ ಒಂದು ಪಾಲಿಗೆ ಮೆಗ್ನೀಸಿಯಂ ಬಳಸಿದ ಆಯಿಲ್‌ಗಳು ಬಂದವು. 2020ರಲ್ಲಿ ಬಂದ ಎಪಿಐ ಎಸ್‌ಪಿ ಎಂಬ ಆಯಿಲ್ ದರ್ಜೆ ಸಿಗಬೇಕಾದರೆ ಈ ಕಾಟವನ್ನು ತಡೆಯುವ ಪರೀಕ್ಷೆ ಪಾಸಾಗಲೇಬೇಕು. ಡಬ್ಬಿಯ ಮೇಲೆ ಆ ಎರಡು ಅಕ್ಷರ ನೋಡಿ ಕೊಳ್ಳಿ ಎಂದು ಮಾಸ್ತರರಿಗೆ ಹೇಳಿದೆ. ಗೇರು ಇಳಿಸಿ ಎಂದು ಹೇಳುವುದು ಹೆಚ್ಚು ಕಷ್ಟವಾಯಿತು. ಪೆಟ್ರೋಲ್ ದರದ ಮೇಲೆ ಒಂದು ಪಾಠವನ್ನೇ ಮಾಡಿದರು.

ಓಡಿಸುವವರದೇ ತಪ್ಪು ಎಂದು ಕಂಪನಿಗಳು ಕೈತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಕಾರ್ಖಾನೆಯೊಳಗಿನ ತಪ್ಪಿಗೆ ಬಲಿಯಾದ ಎಂಜಿನ್‌ಗಳೂ ಇವೆ. ಅಮೆರಿಕದಲ್ಲಿ 2015ರಲ್ಲಿ ಹ್ಯುಂಡೈ ಸುಮಾರು 4.7 ಲಕ್ಷ ಸೊನಾಟಾ ಕಾರುಗಳನ್ನು ವಾಪಸ್ ಕರೆಸಿಕೊಂಡಿತು, 2.0 ಲೀಟರ್ ಟರ್ಬೋ ಮತ್ತು 2.4 ಲೀಟರ್ ಎಂಜಿನ್‌ಗಳ ಕ್ರ್ಯಾಂಕನ್ನು ಕೊರೆಯುವಾಗ ಉಳಿದ ಲೋಹದ ಚೂರು ಆಯಿಲಿನ ದಾರಿಗೆ ಅಡ್ಡ ಬಂದು ಬೇರಿಂಗು ಕಚ್ಚುತ್ತಿತ್ತು. 2024ರಲ್ಲಿ ಟೊಯೋಟಾ ಕೂಡ ಜೋಡಿ ಟರ್ಬೋ ವಿ6 ಎಂಜಿನ್ನಿನ ಸುಮಾರು 1 ಲಕ್ಷ ಗಾಡಿಗಳನ್ನು ಇದೇ ಬಗೆಯ ಚೂರಿನ ಕಾರಣಕ್ಕೆ ಕರೆಸಿಕೊಂಡಿತು. ಟೊಯೋಟಾ ಎಂದರೆ ಕಣ್ಣು ಮುಚ್ಚಿ ಕೊಳ್ಳಬಹುದು ಎನ್ನುವವರು ನನ್ನ ಗ್ಯಾರೇಜಿನಲ್ಲಿ ಬಹಳ. ಅವರಿಗೆ ಇದನ್ನು ಹೇಳಿದಾಗ ನನ್ನ ಮೇಲೆಯೇ ಸಿಟ್ಟಾಗುತ್ತಾರೆ. ಎರಡೂ ಕಡೆ ಸತ್ತದ್ದು ಬೇರಿಂಗು, ತಪ್ಪಿದ್ದು ಆಯಿಲಿನ ದಾರಿ. ಶೆಟ್ಟರ ಗಾಡಿಯಲ್ಲೂ ಅಷ್ಟೇ.

ಇನ್ನು ವಿನ್ಯಾಸದ ತಪ್ಪು. ನನ್ನ ಪ್ರಕಾರ ಅದೆಂದರೆ, ಎಲ್ಲೂ ಇಲ್ಲದ ಮಾಲೀಕನನ್ನು ಕಲ್ಪಿಸಿಕೊಂಡು ಎಂಜಿನ್ ಮಾಡುವುದು. ಇದು ಇವತ್ತಿನ ಚಟವಲ್ಲ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಎಂಬ ಕಾರಿಗೆ ಟರ್ಬೋ ಹಾಕಿದರು. ಮಾರಾಟಕ್ಕೆ ಬಂದ ಮೊದಲ ಟರ್ಬೋ ಕಾರುಗಳಲ್ಲಿ ಅದೊಂದು. ಎಂಜಿನ್ ಒಡೆಯದಿರಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಬೇರೆ ಟ್ಯಾಂಕಿಯಲ್ಲಿ ತುಂಬುತ್ತಿರಬೇಕಿತ್ತು. ಮಾಲೀಕರು ತುಂಬಲಿಲ್ಲ. ಟ್ಯಾಂಕಿ ಬರಿದಾದರೆ ಟರ್ಬೋದ ಒತ್ತಡ ತಾನಾಗಿ ಇಳಿಯುತ್ತಿತ್ತು, ಪಿಕಪ್ ಇಲ್ಲ ಎಂದು ಜನ ದೂರುತ್ತಿದ್ದರು. ಕೊನೆಗೆ ಕಂಪನಿಯೇ ಟರ್ಬೋ ಕಳಚಿ ಸಾದಾ ಕಾರ್ಬುರೇಟರ್ ಹಾಕಿಕೊಡುವ ಏರ್ಪಾಟು ಮಾಡಿತು. ಶೆಟ್ಟರ ಎಂಜಿನ್ನನ್ನು ಚಿತ್ರಿಸಿದವರೂ ದಿನಾ ಹೆದ್ದಾರಿಯಲ್ಲಿ ನಲವತ್ತು ಕಿಲೋಮೀಟರ್ ಓಡಿಸುವ ಯಾರನ್ನೋ ಮನಸ್ಸಿನಲ್ಲಿಟ್ಟುಕೊಂಡಿದ್ದರು. ಪಿಂಪ್ರಿಯ ಮಂಡಿಗೆ ಹೋಗಿ ಬರುವವರು ಅವರ ಲೆಕ್ಕದಲ್ಲಿರಲಿಲ್ಲ. ಮಾಲೀಕರ ಕೈಪಿಡಿಯಲ್ಲಿ ಕಷ್ಟದ ಬಳಕೆ ಇದ್ದರೆ ಆಯಿಲನ್ನು ಬೇಗ ಬದಲಿಸಿ ಎಂಬ ಒಂದು ಸಾಲು ಇತ್ತು. ತರಕಾರಿ ತರುವುದು ಕಷ್ಟದ ಬಳಕೆ ಎಂದು ಯಾರಿಗೆ ಹೊಳೆಯಬೇಕು?

ಶೆಟ್ಟರಿಗೆ ನಾನು ಹಾಕಿದ ಕಟ್ಟಳೆ ಎರಡು. 5,000 ಕಿಲೋಮೀಟರ್ ಅಥವಾ ಆರು ತಿಂಗಳು, ಯಾವುದು ಮೊದಲೋ ಆಗ ಆಯಿಲ್ ಮತ್ತು ಫಿಲ್ಟರ್ ಬದಲಿಸಬೇಕು. ಪ್ರತಿ ಭಾನುವಾರ ಎಕ್ಸ್‌ಪ್ರೆಸ್ ವೇಯಲ್ಲಿ ಲೋಣಾವಳದವರೆಗೆ ಹೋಗಿ ಬರಬೇಕು. “ಡಾಕ್ಟರು ನನಗೆ ನಡೆಯಿರಿ ಎನ್ನುತ್ತಾರೆ, ನೀವು ಗಾಡಿಗೆ ಓಡು ಎನ್ನುತ್ತೀರಿ. ಇಬ್ಬರ ಮಾತೂ ಕೇಳಿದರೆ ಹೋಟೆಲು ನೋಡುವವರು ಯಾರು?” ಎಂದರು. ಆದರೆ ಹೋಗುತ್ತಾರೆ. ಟೋಲಿನ ಚೀಟಿಯನ್ನು ಡ್ಯಾಶ್‌ಬೋರ್ಡಿನಲ್ಲಿ ಇಟ್ಟು ನನಗೆ ತೋರಿಸುತ್ತಾರೆ, ಶಾಲೆಯ ಹುಡುಗ ಸಹಿ ಹಾಕಿಸಿಕೊಂಡು ಬಂದಂತೆ.

20,000 ಕಿಲೋಮೀಟರ್ ಆದ ಮೇಲೆ ನನ್ನದೇ ಸಮಾಧಾನಕ್ಕೆ ಮತ್ತೆ ಚೇಂಬರ್ ಇಳಿಸಿದೆ. ಬಿಸಿ ಆಯಿಲಿನಲ್ಲಿ ಐಡಲ್ ಒತ್ತಡ 1.3 ಬಾರ್ ಇತ್ತು, ಬೆಲ್ಟಿನ ಅಗಲ ಹೊಸದರಷ್ಟೇ. ಜಾಲರಿಯ ಮೇಲೆ ಮೂರು ಕಪ್ಪು ಚೂರುಗಳಿದ್ದವು, ಸಾಸಿವೆಗಿಂತ ಸಣ್ಣವು. ಹಳೆಯ ಬೆಲ್ಟಿನದು ಎಲ್ಲೋ ಸಂದಿಯಲ್ಲಿ ಉಳಿದಿದ್ದಿರಬೇಕು ಎಂದು ಹುಡುಗ ಹೇಳಿದ. ಇರಬಹುದು. ಅವನ್ನೂ ಬಾಟಲಿಗೆ ಹಾಕಿ, ಜಾಲರಿ ತೊಳೆದು, ಚೇಂಬರಿನ ಹೊರಮೈಗೆ ಮಾರ್ಕರ್‌ನಿಂದ ದಿನಾಂಕ ಮತ್ತು ಕಿಲೋಮೀಟರ್ ಬರೆದು ಮುಚ್ಚಿದೆ.